ಜಾಹೀರಾತಿನ ಹೆಂಗಸಿನ ಹಣೆ

ಹವ್ಯಾಸವಿಲ್ಲದ ಮನುಷ್ಯನನ್ನು ನಾನು ನಂಬುವುದಿಲ್ಲ. ಹವ್ಯಾಸವಿರುವವನನ್ನು ನನ್ನ ಹೆಂಡತಿ ಗಂಗವ್ವ ನಂಬುವುದಿಲ್ಲ. ಜನ ಅಂಚೆಚೀಟಿ ಕೂಡಿಸುತ್ತಾರೆ, ಬೆಂಕಿಪೆಟ್ಟಿಗೆಯ ಚಿತ್ರ ಕೂಡಿಸುತ್ತಾರೆ. ನಾನು ಕೂಡಿಸುತ್ತಿದ್ದುದು ನೋಟು ಕೆತ್ತುವವರ ಜಾಹೀರಾತಿನ ಹಾಳೆಗಳನ್ನು. ಹಿಂದಿನ ಕಾಲದ ವಿಲಾಯತಿ ಕೆತ್ತನೆಗಾರರು, ನಿಮ್ಮ ಬ್ಯಾಂಕಿಗೂ ಇಷ್ಟು ಚೆಂದದ ನೋಟು ಮಾಡಿಕೊಡುತ್ತೇವೆಂದು ತೋರಿಸಲು ಹೆಂಗಸು, ಹಡಗು, ಬಳ್ಳಿಗಳ ಮಾದರಿ ಅಚ್ಚುಹಾಕಿ ಹಂಚುತ್ತಿದ್ದರಂತೆ. ನೋಟಿನ ಗತ್ತೆಲ್ಲ ಅದಕ್ಕಿದೆ, ಕೊಟ್ಟರೆ ಅರ್ಧ ಕಪ್ ಚಹಾ ಮಾತ್ರ ಬರುವುದಿಲ್ಲ. ಟಿಕೋಟಾದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ನನ್ನ ಸ್ಥಿತಿಯೂ ಹೆಚ್ಚುಕಡಿಮೆ ಹಾಗೇ ಇದ್ದುದರಿಂದ ಅವುಗಳ ಮೇಲೆ ಮಮತೆ ಹುಟ್ಟಿರಬೇಕು.

ನಯಾಪೈಸೆ ಇನ್ನೂ ಹೊಸದಾಗಿದ್ದ ಕಾಲ. ನಮ್ಮ ವಿಜಾಪುರದ ಗಾಂಧಿ ಚೌಕದ ರದ್ದಿ ಅಂಗಡಿಯಲ್ಲಿ ಸಿಕ್ಕ ಹಾಳೆಗಳಲ್ಲಿ ಒಂದು ಅಪರೂಪದ್ದು. ತೆನೆಕಟ್ಟು ಹಿಡಿದು ಕುಳಿತ ಹೆಂಗಸು. ಒಂದು ಹೆಗಲು ಬರಿದು, ಕೂದಲಿನ ಎಳೆಎಳೆಗೂ ಬೇರೆ ಗೆರೆ. ಮೂರು ವರ್ಷ ಭೂತಗನ್ನಡಿ ಹಿಡಿದು ಅವಳನ್ನು ನೋಡಿದ್ದೇನೆ. ಸೊಲ್ಲಾಪುರದಲ್ಲಿ ನನ್ನಂಥವರೇ ಇನ್ನೊಬ್ಬರಿದ್ದರು, ನಿವೃತ್ತ ಪೋಸ್ಟ್ ಮಾಸ್ತರರು. ಅವರ ಬಳಿ ಹಡಗಿನ ಹಾಳೆಯಿತ್ತು. ಅದಕ್ಕಾಗಿ ನಾನು ಪಟ್ಟ ಆಸೆ ಹೇಳಿಕೊಳ್ಳುವಂಥದ್ದಲ್ಲ. ಕೊನೆಗೆ ಅವರಿಂದ ಕಾಗದ ಬಂತು: ಭಾನುವಾರ ವಿಜಾಪುರಕ್ಕೆ ಬರುತ್ತೇನೆ, ಹೆಂಗಸಿನ ಮೇಲೆ ಒಂದು ಕಲೆಯೂ ಇಲ್ಲದಿದ್ದರೆ ಅವಳ ಬದಲಿಗೆ ಹಡಗು ನಿಮ್ಮದು.

ಶುಕ್ರವಾರವೇ ಹಾಳೆಯನ್ನು ಪಡಸಾಲೆಯ ಗೂಡಿನಲ್ಲಿ ನಿಲ್ಲಿಸಿದೆ. ಗಾಜು ಹಾಕಿದರೆ ಗೆರೆ ಮಂಕಾಗುತ್ತದೆಂದು ಗಾಜು ಹಾಕಲಿಲ್ಲ. ಇಂಥ ಬುದ್ಧಿ ನನಗೆ ಆಗಾಗ ಹೊಳೆಯುತ್ತದೆ. ಸಂಜೆ ಟಿಕೋಟಾದ ಬಸ್ಸಿನಿಂದ ಇಳಿದು ಮನೆಗೆ ಬಂದಾಗ, ಹೆಂಗಸಿನ ಕೆನ್ನೆಗೆ ಅರಿಸಿನ, ಹಣೆಗೆ ಕಾಸಿನಗಲ ಕುಂಕುಮ, ಅದೂ ಒದ್ದೆಯಾಗಿ ಮೂಗಿನ ತನಕ ಇಳಿದಿತ್ತು.

"ಅರಿಸಿನ ಕುಂಕಮಕ್ಕ ಓಣಿ ಹೆಣ್ಮಕ್ಕಳು ಬಂದಿದ್ರು," ಎಂದಳು ಗಂಗವ್ವ. "ಯಾರ್ರಿ ಈಕಿ, ಹಣಿ ಬೋಳ ಐತಲ್ಲ ಅಂದ್ರು. ಎಲ್ಲಾರಿಗೂ ಹಚ್ಚಿ, ಗೂಡಿನಾಗ ಕುಂತಾಕಿನ್ನ ಹ್ಯಾಂಗ ಬಿಡೂದ್ರಿ?"

ಭಾನುವಾರ ಪೋಸ್ಟ್ ಮಾಸ್ತರರು ಬಂದರು. ಹಾಳೆಯನ್ನು ಬಹಳ ಹೊತ್ತು ನೋಡಿದರು. "ಲಕ್ಷಣ ಆಗ್ಯಾಳ್ರಿ, ಆದ್ರ ನನಗ ಬ್ಯಾಡ," ಎಂದರು. ಎರಡು ಪ್ಲೇಟು ಚುರುಮುರಿ ಸೂಸಲಾ ತಿಂದು, ಗೋಳಗುಮ್ಮಟ ನೋಡಿಕೊಂಡು ಹೋಗುತ್ತೇನೆಂದು ಹಡಗನ್ನು ಬಗಲಿಗಿಟ್ಟುಕೊಂಡು ಹೊರಟುಬಿಟ್ಟರು. ನನಗೆ ಅಳು ಬರುವುದೊಂದು ಬಾಕಿ.

ಬಾಗಿಲ ಕಡೆ ಮುಖ ಮಾಡಿ ನಿಂತೇ ಕೂಗಾಡಿದೆ. "ಅಕಿ ಹಣಿ ಬೋಳ ಇದ್ರ ನಿನ್ನ ಗಂಟೇನ ಹೋಗ್ತಿತ್ತು? ಒಂದೊಂದು ಗೆರಿ ನೋಡಿ ಜ್ವಾಕಿ ಮಾಡಿದ್ದೆ!"

ಬೆನ್ನ ಹಿಂದಿನಿಂದ ಶಾಂತವಾಗಿ ಉತ್ತರ ಬಂತು. "ಖರೆ ಐತ್ರಿ, ನಿಮ್ಮ ಕಣ್ಣು ಭಾಳ ಚುರುಕು. ಹೊಳ್ಳಿ ನೋಡಬ್ಯಾಡ್ರಿ. ಮುಂಜಾನಿಂದ ನಿಮ್ಮ ಮುಂದ ಓಡ್ಯಾಡಾಕತ್ತೇನಿ. ಯಾವ ಬಣ್ಣದ ಸೀರಿ ಉಟ್ಟೇನಿ, ಹೇಳ್ರಿ?"

ಬಣ್ಣ ಕಲಿಸುವ ಮಾಸ್ತರನಲ್ಲವೇ, ಧೈರ್ಯವಾಗಿ ಹೇಳಿದೆ: "ಹಸರು."

ಅವಳು ಚಹಾದ ಕಪ್ಪು ಎತ್ತಿಕೊಳ್ಳಲು ನನ್ನೆದುರಿಗೆ ಬಂದಳು. ಕೆಂಪು ದಡಿಯ ನೇರಳೆ ಇಳಕಲ್ ಸೀರೆ. ಚೆನ್ನಾಗಿದೆ, ಯಾವಾಗ ತಗೊಂಡದ್ದು ಎಂದು ಕೇಳಿದೆ.

"ನಮ್ಮ ಮದುವ್ಯಾಗ," ಎಂದಳು. "ನೀವ ಆರಿಸಿದ್ರಿ."