ಹಪ್ಪಳ ಅಳೆದ ಸೆಕೆ

ಯಾರಾದರೂ ‘ಸೆಕೆ’ ಎಂದು ಬಾಯಿ ಬಿಟ್ಟರೆ ‘ಹೌದು’ ಎಂದು ಸುಮ್ಮನಿರುವುದು ನನ್ನಿಂದಾಗದು. ಇದಕ್ಕಿಂತ ದೊಡ್ಡ ಸೆಕೆಯ ಊರೊಂದನ್ನು ಹೇಳಿ ಅವರನ್ನು ಸೋಲಿಸದಿದ್ದರೆ ನನಗೆ ಊಟ ಸೇರುವುದಿಲ್ಲ. ನಮ್ಮ ಕಡೆ ಇದು ನನ್ನೊಬ್ಬನ ಚಾಳಿಯೂ ಅಲ್ಲ. ಏಪ್ರಿಲ್ ಬಂತೆಂದರೆ ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಕ್ಷೇಮಸಮಾಚಾರ ನಿಂತು ಸೆಕೆಸಮಾಚಾರ ಶುರುವಾಗುತ್ತದೆ. ದುಬೈಯಿಂದ ರಜೆಯಲ್ಲಿ ಬಂದವನು ‘ಅಲ್ಲಿ ಇದರ ಡಬ್ಬಲ್ ಉಂಟು, ಆದರೆ ಗೊತ್ತೇ ಆಗುವುದಿಲ್ಲ’ ಎನ್ನುತ್ತಾನೆ. ಎ.ಸಿ. ಕಾರಿನಿಂದ ಎ.ಸಿ. ಕೋಣೆಗೆ ಇಳಿಯುವವನಿಗೆ ಗೊತ್ತಾಗುವುದಾದರೂ ಹೇಗೆ? ಬಳ್ಳಾರಿಯಲ್ಲಿ ಮೂರು ವರ್ಷ ಕಳೆದು ಬಂದ ಬ್ಯಾಂಕಿನವರೊಬ್ಬರು ಮಾತ್ರ ಸರಿಯಾಗಿ ಹೇಳಿದರು: ‘ಅಲ್ಲಿಯದು ಬಿಸಿಲು, ಇಲ್ಲಿಯದು ಸೆಕೆ. ಅಲ್ಲಿ ಹುರಿಯುತ್ತದೆ, ಇಲ್ಲಿ ಬೇಯಿಸುತ್ತದೆ.’ ಅವರ ಎದುರು ನಾನು ಸೋತೆ. ಎರಡು ದಿನ ಬೇಸರವಿತ್ತು.

ಕಳೆದ ವರ್ಷ ಈ ಚರ್ಚೆ ನಮ್ಮ ಮನೆಯೊಳಗೇ ಬಂದು ಕುಳಿತಿತು. ಮಣಿಪಾಲದ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಸಹಾಯಕನಾಗಿದ್ದ ನಾನು ನಿವೃತ್ತನಾದೆ. ಮೇ ಮುಗಿಯುವುದರೊಳಗೆ ಕ್ವಾರ್ಟರ್ಸ್ ಬಿಡಬೇಕಿತ್ತು. ಹೋಗಲಿಕ್ಕೆ ಎರಡು ಮನೆಗಳಿದ್ದವು. ಕಾರ್ಕಳದಲ್ಲಿ ನಾನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ, ಆಗಷ್ಟೇ ಖಾಲಿಯಾಗಿದ್ದ ತಾರಸಿ ಮನೆ. ಕಾಪುವಿನಲ್ಲಿ ನನ್ನ ಹೆಂಡತಿ ವಸಂತಿಗೆ ಅವಳ ತಾಯಿಯಿಂದ ಬಂದ ಹಂಚಿನ ಮನೆ. ಉಳಿದ ಆಯುಷ್ಯವೆಲ್ಲ ಎಲ್ಲಿ ಕುಳಿತು ಬೆವರಬೇಕು ಎಂಬುದೇ ಪ್ರಶ್ನೆ.

‘ಕಾಪುವಿನಲ್ಲಿ ಸಮುದ್ರದ ಗಾಳಿ ಉಂಟು’ ಎಂದಳು ವಸಂತಿ.

‘ಆ ಗಾಳಿಯಲ್ಲಿ ಅರ್ಧ ಸಮುದ್ರವೇ ಉಂಟು ಮಾರಾಯ್ತಿ. ಕಾರ್ಕಳದ್ದು ಒಣ ಹವೆ. ರಾತ್ರಿ ಹೊದಿಕೆ ಬೇಕು’ ಎಂದೆ. ಹೊದಿಕೆ ಬೇಕಾದದ್ದು ಡಿಸೆಂಬರಿನಲ್ಲಿ ಎಂದು ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಬಾಯಿಮಾತು ಬೇಡ, ಪ್ರಯೋಗ ಮಾಡುವ ಎಂದು ನಾನೇ ಸೂಚಿಸಿದೆ. ಉಪಕರಣ ಯಾವುದೆಂದರೆ ಹಲಸಿನ ಹಪ್ಪಳ. ಕರಿದ ಹಪ್ಪಳ ಗಾಳಿಯ ತೇವ ಕುಡಿದು ಮೆತ್ತಗಾಗುವುದು ಎಲ್ಲರಿಗೂ ಗೊತ್ತು, ಎಷ್ಟು ಹೊತ್ತಿಗೆ ಎಂದು ಗಡಿಯಾರ ಹಿಡಿದು ನೋಡಿದವರಿಲ್ಲ. ನಡು ಮಧ್ಯಾಹ್ನ ವಸಂತಿ ಹಪ್ಪಳ ಕರಿಯಬೇಕು. ನಾನು ಅವನ್ನು ಜಗಲಿಯಲ್ಲಿ ತಟ್ಟೆಯ ಮೇಲೆ ಹರಡಿ, ಐದೈದು ನಿಮಿಷಕ್ಕೆ ಒಂದನ್ನು ಕಿವಿಯ ಹತ್ತಿರ ಮುರಿದು, ಸದ್ದು ಬಂತೋ ಇಲ್ಲವೋ ಎಂದು ಪುಸ್ತಕದಲ್ಲಿ ಬರೆಯಬೇಕು. ಕೆಲಸದ ಹಂಚಿಕೆ ವೈಜ್ಞಾನಿಕವಾಗಿಯೇ ಇತ್ತು.

ಮೊದಲು, ಹೋಲಿಕೆಗೆಂದು, ಮಣಿಪಾಲ. ಗುಡ್ಡದ ಮೇಲಿನ ಊರಲ್ಲವೇ, ಹಪ್ಪಳ ಅರ್ಧ ಗಂಟೆ ಮರ್ಯಾದೆ ಉಳಿಸಿಕೊಂಡಿತು. ಮುಂದಿನ ಭಾನುವಾರ ಕಾಪು. ಬಸ್ಸು ಕಟಪಾಡಿ ದಾಟುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ನನಗೆ ಮಾತ್ರ ಒಳಗೊಳಗೇ ಖುಷಿ. ಅಲ್ಲಿ ಮೂರನೆಯ ಹಪ್ಪಳ ಮುರಿಯಲೇ ಇಲ್ಲ, ಒದ್ದೆ ಕರವಸ್ತ್ರದಂತೆ ಸುಮ್ಮನೆ ಮಡಚಿಕೊಂಡಿತು. ಲೆಕ್ಕಕ್ಕೆ ಒಂದು ಕಡಿಮೆ ಬಂತೆಂದು ಒಳಗೆ ಇಣುಕಿದರೆ, ವಸಂತಿ ಅಡುಗೆಮನೆಯ ಕಿಟಕಿಗೆ ಒರಗಿ ನಿಂತು ಹಾಯಾಗಿ ತಿನ್ನುತ್ತಿದ್ದಳು. ‘ನಷ್ಟ: ಒಂದು’ ಎಂದು ಬರೆದುಕೊಂಡೆ.

ಕೊನೆಗೆ ಕಾರ್ಕಳ. ಒಂದು ಗಂಟೆ ಕಳೆದರೂ ಹಪ್ಪಳ ಟಪ್ಪೆಂದು ಮುರಿಯುತ್ತಿತ್ತು. ನಾನು ಜಗಲಿಯಲ್ಲಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಪುಸ್ತಕ ನೋಡಿ ತೀರ್ಪು ಓದಿದೆ. ವಸಂತಿ ಸೆರಗಿನಿಂದ ಮುಖ, ಕತ್ತು ಎಲ್ಲ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದಳು.

‘ನೀವು ಲ್ಯಾಬಿನಲ್ಲಿ ಮಕ್ಕಳಿಗೆ ಎರಡೆರಡು ಸಲ ಮಾಡಿಸುತ್ತಿದ್ದಿರಿ, ಅಲ್ವಾ?’

‘ಹೌದು. ಒಂದು ಸಲದ ಫಲಿತಾಂಶ ನಂಬಲಿಕ್ಕಾಗುವುದಿಲ್ಲ.’

‘ಹಾಗಾದರೆ ಇನ್ನೊಂದು ಸಲ ಮಾಡುವ. ಈ ಸಲ ಕರಿಯುವುದು ನೀವು, ಜಗಲಿಯಲ್ಲಿ ಕೂರುವುದು ನಾನು.’

ಅದೇನು ಮಹಾ ಎಂದು ಧೈರ್ಯವಾಗಿಯೇ ಒಳಗೆ ಹೋದೆ. ಅಡುಗೆಮನೆಗೆ ಒಂದು ಕಿಟಕಿಯೇನೋ ಇತ್ತು. ಅದರಾಚೆ ಎರಡು ಮೊಳದಲ್ಲೇ ನೆರೆಮನೆಯ ಗೋಡೆ. ತಲೆಯ ಮೇಲೆ ಬೆಳಗ್ಗಿನಿಂದ ಕಾದ ತಾರಸಿ, ಎದುರಿಗೆ ಕಾದ ಎಣ್ಣೆ. ಫ್ಯಾನ್ ಹಾಕಿದರೆ ಉರಿ ಆರುತ್ತದೆ, ಹಾಕದಿದ್ದರೆ ಕರಿಯುವವನ ಪ್ರಾಣವೇ ಆರುತ್ತದೆ. ಮೊದಲನೆಯ ಹಪ್ಪಳ ಹೇಗೋ ಆಯಿತು. ಕಣ್ಣಿಗಿಳಿದ ಬೆವರು ಒರೆಸುವಷ್ಟರಲ್ಲಿ ಎರಡನೆಯದು ಕಪ್ಪಾಯಿತು. ಮೂರನೆಯದಕ್ಕೆ ಬಗ್ಗಿದಾಗ ಮೂಗಿನ ತುದಿಯಿಂದ ಒಂದು ಹನಿ ಎಣ್ಣೆಗೆ ಬಿದ್ದು, ಎಣ್ಣೆ ನನ್ನ ಮೇಲೆಯೇ ಹಾರಿತು. ಗ್ಯಾಸ್ ಆರಿಸಿ ಹೊರಗೆ ಓಡಿದೆ.

ವಸಂತಿ ನನ್ನ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದಳು. ‘ಎಂತ, ಹೊದಿಕೆ ಬೇಕಾ?’ ಎಂದಳು. ಆಮೇಲೆ ನಗು ನಿಲ್ಲಿಸಿ, ‘ನೀವು ಅಳೆದದ್ದು ಜಗಲಿಯನ್ನು ಮಾರಾಯ್ರೆ. ನಾನು ಇರುವುದು ಒಳಗೆ’ ಎಂದಳು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಮನೆ ಕಟ್ಟುವಾಗ ಮೇಸ್ತ್ರಿ ಅಡುಗೆಮನೆಯ ಕಿಟಕಿ ಯಾವ ಕಡೆಗೆ ಎಂದು ಕೇಳಿದ್ದ. ‘ಎಲ್ಲಿಯಾದರೂ ಇಡು’ ಎಂದವನು ನಾನೇ. ಆ ಪುಸ್ತಕವನ್ನು ಮತ್ತೆ ತೆರೆಯಲಿಲ್ಲ. ಸಾಮಾನು ಹೊತ್ತ ಟೆಂಪೋ ಕಾಪುವಿಗೆ ಹೊರಟಿತು.

ಕಾಪುವಿಗೆ ಬಂದ ಮೇಲೆ ಇನ್ನೊಂದು ವಿಷಯ ತಿಳಿಯಿತು. ಜಗಲಿ ಇರುವುದು ಪೂರ್ವಕ್ಕೆ, ರಸ್ತೆಯ ಕಡೆಗೆ. ಅಲ್ಲಿ ಎಲೆಯೊಂದೂ ಅಲ್ಲಾಡುವುದಿಲ್ಲ. ಸಮುದ್ರದ ಗಾಳಿಯೆಲ್ಲ ಪಶ್ಚಿಮದ ಕಿಟಕಿಯಿಂದ ನೇರ ಅಡುಗೆಮನೆಗೆ ನುಗ್ಗುತ್ತದೆ, ಅಲ್ಲಿಂದ ಮುಂದೆ ಹೆಜ್ಜೆ ಇಡುವುದಿಲ್ಲ. ಎರಡೇ ದಿನದಲ್ಲಿ ನಾನು ಕುರ್ಚಿ ಎತ್ತಿಕೊಂಡು ಒಳಗೆ ಹೋದೆ.

‘ಇಲ್ಲಿ ಸುಮ್ಮನೆ ಕೂರಲಿಕ್ಕಿಲ್ಲ’ ಎಂದು ವಸಂತಿ ಒಂದು ಚಾಕುವನ್ನೂ ಅಲಸಂಡೆಯ ಕಟ್ಟನ್ನೂ ಎದುರಿಗಿಟ್ಟಳು.

ಅಂದಿನಿಂದ ಅಲಸಂಡೆ ಹೆಚ್ಚುವುದು, ಬೆಳ್ಳುಳ್ಳಿ ಸುಲಿಯುವುದು, ತೆಂಗಿನಕಾಯಿ ತುರಿಯುವುದು ಎಲ್ಲ ನನ್ನ ಪಾಲಿಗೆ ಬಂದಿದೆ. ಮೊನ್ನೆ ಕಾರ್ಕಳದಿಂದ ಬಂದ ನೆಂಟರು ನೋಡಿ ದಂಗಾದರು. ‘ಈ ಪ್ರಾಯದಲ್ಲಿ ಹೆಂಡತಿಗೆ ಎಷ್ಟು ಸಹಾಯ ಮಾಡುತ್ತೀರಿ ಮಾರಾಯ್ರೆ!’ ಎಂದರು. ‘ಸಂಸಾರ ಎಂದ ಮೇಲೆ ಇಬ್ಬರೂ ಮಾಡಬೇಕಲ್ವಾ?’ ಎಂದು ಗಂಭೀರವಾಗಿ ಹೇಳಿ, ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.