ಹಳೇ ಜೆಟ್ಟಿಗೆ ದಾರಿ

ಜೋಡಿಗಳು ಊರಿಂದೂರಿಗೆ ಓಡುವ ಆ ಟೀವಿ ಸ್ಪರ್ಧೆಯಲ್ಲಿ ಸೋತವರೆಲ್ಲ ಒಂದೇ ಕಾರಣಕ್ಕೆ ಸೋಲುತ್ತಾರೆ ಎಂದು ನೋಲೀನ್ ಎಂದೋ ತೀರ್ಮಾನಿಸಿದ್ದಳು. ಊರಿನ ಹೆಂಗಸೊಬ್ಬಳನ್ನು ಹಿಡಿದು ದಾರಿ ಕೇಳುವಷ್ಟು ಬುದ್ಧಿ ಅವರಿಗಿರುವುದಿಲ್ಲ. ಒಂಬತ್ತು ವರ್ಷಗಳಿಂದ ಭಾನುವಾರ ಸಂಜೆ ಕ್ಲಬ್ಬಿನ ದೊಡ್ಡ ಟೀವಿಯ ಮುಂದೆ ಅವಳು ಇದನ್ನೇ ಸಾರುತ್ತಿದ್ದಳು. ಮನೆಯಲ್ಲಿ ಗಂಡ ಡ್ಯಾರಿಲ್ ಮಾತಿನ ಮನುಷ್ಯನಲ್ಲ. ವಾರದ ಮಾತನ್ನೆಲ್ಲ ಅವಳು ಆ ಒಂದು ಗಂಟೆಗೆ ಕೂಡಿಡುತ್ತಿದ್ದಳು. ಅಲ್ಲಿ ಅವಳ ಅಭಿಪ್ರಾಯಕ್ಕೆ ಬೆಲೆಯಿತ್ತು. ಆ ಬೆಲೆ ಅವಳಿಗೆ ಬೇಕಿತ್ತು.

ಮಂಗಳವಾರ ಬೆಳಿಗ್ಗೆ ಅವಳು ಕಡಲತಡಿಯ ತನ್ನೂರು ವಿರಾಬೀಯ ಅಂಚೆ ಕಚೇರಿಯಿಂದ ಹೊರಬರುತ್ತಿದ್ದಾಗ ಬೆನ್ನಿಗೆ ಚೀಲ ಹೊತ್ತ ಇಬ್ಬರು ಹುಡುಗಿಯರು ಎದುರು ಬಂದು ನಿಂತರು. ಅವರ ಹಿಂದೆ ಕ್ಯಾಮೆರಾ. ನೋಲೀನ್ ತಟ್ಟನೆ ಕೂದಲು ಸರಿಮಾಡಿಕೊಂಡಳು. ಅದೇ ಸ್ಪರ್ಧೆ!

"ಮೇಡಂ, ಈ ಊರಲ್ಲಿ ದೋಣಿ ನಿಲ್ಲೋ ಹಳೇ ಮರದ ಜೆಟ್ಟಿ ಎಲ್ಲಿದೆ? ನಾವೀಗ ಎರಡನೇ ಜಾಗದಲ್ಲಿದ್ದೀವಿ, ಹಿಂದೆ ಇನ್ನೂ ಮೂರು ಜೋಡಿ ಇದೆ. ಕೊನೇಲಿ ತಲುಪಿದವರು ಮನೆಗೆ ಹೋಗ್ಬೇಕು," ಎಂದಳು ಇಬ್ಬರಲ್ಲಿ ಅಕ್ಕನಾದ ಟೆಸ್ಸಾ.

"ಸುಲಭ ಕಣಮ್ಮಾ. ನೇರ ಹೋಗಿ ಹ್ಯಾನ್ಲನ್ ಬೇಕರಿ ಹತ್ರ ಎಡಕ್ಕೆ ತಿರುಗಿ, ದೊಡ್ಡ ಪೈನ್ ಮರದ ಹತ್ರ ಬಲಕ್ಕೆ."

ಓಡಿದ ಹುಡುಗಿಯರು ಹತ್ತು ನಿಮಿಷಕ್ಕೆ ತಿರುಗಿ ಬಂದರು. "ಬೇಕರಿನೂ ಇಲ್ಲ, ಮರಾನೂ ಇಲ್ಲ!"

ಅಷ್ಟರಲ್ಲಿ ಕ್ಯಾಮೆರಾ ಕಂಡು ಪಕ್ಕದ ಮನೆಯ ಕೋರಲ್ ಬಂದಿದ್ದಳು. "ಅಯ್ಯೋ ನೋಲೀನ್, ಬೇಕರಿ ಮುಚ್ಚಿ ಆರು ವರ್ಷ ಆಯ್ತಲ್ಲೇ! ಈಗಲ್ಲಿ ನಾಯಿಗೆ ಸ್ನಾನ ಮಾಡ್ಸೋ ಅಂಗಡಿ ಇದೆ."

"ಆರಲ್ಲ, ಎಂಟು," ಎಂದ ಗಾಳದ ಅಂಗಡಿಯ ಮರ್ವ್. "ಮರ ಕಡಿದಿದ್ದು ಅದಕ್ಕೂ ಮುಂಚೆ."

"ಕಡೀಲಿಲ್ಲ ಕಣೋ, ಬಿತ್ತು," ಎಂದಳು ಕೋರಲ್.

"ಬೀಳೋ ಥರ ಕಡಿದ್ರು!"

ಈ ವಾದ ಮುಗಿಯುವುದರೊಳಗೆ ಎರಡು ಜೋಡಿಗಳು ಅವರನ್ನು ದಾಟಿ ಹೋದವು. ಟೆಸ್ಸಾಳ ತಂಗಿ ಬ್ರಿಯೋನಿಯ ಕಣ್ಣಲ್ಲಿ ನೀರು. ನೋಲೀನಳಿಗೆ ತಡೆಯಲಾಗಲಿಲ್ಲ. ಈ ಹುಡುಗಿಯರು ಸೋತರೆ ಒಂಬತ್ತು ವರ್ಷದ ಅಭಿಪ್ರಾಯವೇ ಸೋತಂತೆ.

"ಬನ್ನಿ ನನ್ನ ಹಿಂದೆ," ಎಂದು ಮನೆಯೊಳಗೆ ಹಾಕುವ ಉಣ್ಣೆ ಚಪ್ಪಲಿಯಲ್ಲೇ ಓಡತೊಡಗಿದಳು. ಬಿಸಿ ಮರಳಿಗೆ ಬಿಟ್ಟ ಬಾತುಕೋಳಿಯ ಓಟ. ಹುಡುಗಿಯರು, ಕ್ಯಾಮೆರಾ, ಕೋರಲ್, ಮರ್ವ್ ಎಲ್ಲರೂ ಹಿಂದೆ.

ಅಂಚೆ ಕಚೇರಿಯ ಹಿಂಭಾಗಕ್ಕೆ ಬಂದಾಗ ಟೆಸ್ಸಾ ಬೆರಳು ತೋರಿಸಿದಳು. ಸಮುದ್ರದೊಳಕ್ಕೆ ಚಾಚಿದ್ದ, ತುದಿ ಕಟ್ಟಡಗಳ ಮರೆಯಲ್ಲಿದ್ದ, ಬಿಸಿಲಿಗೆ ಬೂದಿಬಣ್ಣ ತಿರುಗಿದ್ದ ಮರದ ಜೆಟ್ಟಿ. "ಅದೇ ಅಲ್ವಾ?"

ನೋಲೀನ್ ನಕ್ಕಳು. "ಅದು ಹೊಸ ಜೆಟ್ಟಿ ಕಣಮ್ಮಾ."

"ಹೊಸದು, ಹೊಸದು," ಎಂದರು ಕೋರಲ್ ಮತ್ತು ಮರ್ವ್, ಒಂದು ಮಾತಿಗಾದರೂ ಒಪ್ಪಿಕೊಂಡು. ಅದನ್ನು ಕಟ್ಟಿದಾಗ ಮೂವರೂ ಎಂಟನೇ ತರಗತಿಯಲ್ಲಿದ್ದರು. ಅದಾಗಿ ಈಗ ನಲವತ್ತೊಂದು ವರ್ಷ.

ಎರಡು ಕಿಲೋಮೀಟರ್ ಓಡಿದ ಮೇಲೆ ನೋಲೀನ್ ಏದುಸಿರು ಬಿಡುತ್ತ ನಿಂತಳು. "ಇದೇ!"

ನೀರಿನಲ್ಲಿ ಮರದ ಕಂಬಗಳ ಒಂಬತ್ತು ಕರಿ ಮೋಟುಗಳಿದ್ದವು. ಒಂದರ ಮೇಲೆ ಪೆಲಿಕನ್ ಹಕ್ಕಿ ಕೂತು ಇವರನ್ನೇ ನೋಡುತ್ತಿತ್ತು.

"ಜೆಟ್ಟಿ ಎಲ್ಲಿ?" ಎಂದಳು ಬ್ರಿಯೋನಿ ಸಣ್ಣ ದನಿಯಲ್ಲಿ.

"ಬಿರುಗಾಳಿಗೆ ಕೊಚ್ಕೊಂಡು ಹೋಯ್ತಲ್ಲ, ಆಗಲೇ ಹೊಸದು ಕಟ್ಟಿದ್ದು..." ಎನ್ನುತ್ತ ನೋಲೀನ್ ತಿರುಗಿ ನೋಡಿದಳು. ದೂರದ ಹೊಸ ಜೆಟ್ಟಿಯ ತುದಿಯಲ್ಲಿ ಕೆಂಪು ಬಾವುಟ ಹಾರುತ್ತಿತ್ತು. ಅದರಡಿ ಇರುವೆಗಳಷ್ಟು ಸಣ್ಣಗೆ ನಾಲ್ಕು ಜೋಡಿಗಳು ಕುಣಿಯುತ್ತಿದ್ದವು. ಅವಳು ಹುಡುಗಿಯರ ಕೈಹಿಡಿದು ಬಂದ ದಾರಿಯಲ್ಲೇ ತಿರುಗಿ ಓಡಿದಳು.

ಕೊನೆಯವರಾಗಿ ತಲುಪಿದಾಗ ಕಾರ್ಯಕ್ರಮದ ನಿರೂಪಕ ಮುಖ ಗಂಟಿಕ್ಕಿಕೊಂಡು, "ನೀವೇ ಕೊನೆಯವರು," ಎಂದ. ಆಮೇಲೆ, "ಆದ್ರೆ ಇವತ್ತಿನ ಸುತ್ತಲ್ಲಿ ಯಾರನ್ನೂ ಮನೆಗೆ ಕಳಿಸ್ತಿಲ್ಲ," ಎಂದ. ಅಕ್ಕತಂಗಿಯರು ಕಿರುಚಿ ನೋಲೀನಳನ್ನೇ ಅಪ್ಪಿಕೊಂಡರು. ಅವಳಿಗೂ ಅಳು ಬಂತು. ಸದ್ಯ, ಮಾನ ಉಳಿಯಿತು! ಕ್ಲಬ್ಬಿನಲ್ಲಿ ಇದನ್ನು ಹೇಗೆ ಶುರುಮಾಡಬೇಕೆಂದು ಅಲ್ಲೇ ಲೆಕ್ಕ ಹಾಕಿದಳು.

ಆಗ ಕಾರ್ಯಕ್ರಮದವಳೊಬ್ಬಳು ಮೂರು ಕಾಗದ ಹಿಡಿದು ಬಂದಳು. "ಇಲ್ಲೊಂದು ಸಹಿ ಹಾಕಿ. ಇದು ಟೀವೀಲಿ ಬರೋ ತನಕ ಇವತ್ತಿನ ವಿಷಯ ಯಾರ ಹತ್ರಾನೂ ಮಾತಾಡೋ ಹಾಗಿಲ್ಲ. ಏಳು ತಿಂಗಳು."

"ಗಂಡನ ಹತ್ರಾನೂ?"

"ಗಂಡನ ಹತ್ರಾನೂ."

"ನಿನ್ನ ಗಂಡ ಕೇಳಿದ್ರೆ ತಾನೇ, ಬಿಡೇ," ಎಂದು ಕೋರಲ್ ಸಮಾಧಾನ ಹೇಳಿ ತಾನೂ ಸಹಿ ಹಾಕಿದಳು.

ಸಂಜೆ ಡ್ಯಾರಿಲ್ ಬಕೆಟ್ ತುಂಬ ಮೀನು ತಂದ. ಕೈ ತೊಳೆದು ಅಡುಗೆಮನೆಯ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡ.

"ದೋಣಿಯಿಂದ ಎಲ್ಲಾ ಕಾಣಿಸ್ತು, ನಿಮ್ಮ ಕೂಗಾಟಾನೂ ಕೇಳಿಸ್ತು," ಎಂದ.

ನೋಲೀನ್ ಚಹಾದ ಪಾತ್ರೆ ಹಿಡಿದು ನಿಂತುಬಿಟ್ಟಳು.

"ಮೊದಲನೇ ತಪ್ಪು, ಆ ಹುಡುಗೀರು ನಿನ್ನ ಕೇಳಿದ್ದು. ಎರಡನೇದು, ನಿನ್ನ ಚಪ್ಪಲಿ. ಮೂರನೇದು, ನಲವತ್ತು ವರ್ಷದ ಜೆಟ್ಟಿನ ಹೊಸದು ಅಂತಾರೇನೇ? ನನ್ನ ಅಭಿಪ್ರಾಯ ಕೇಳಿದ್ರೆ..."

ಮದುವೆಯಾದ ಮೂವತ್ತು ವರ್ಷದಲ್ಲಿ ಅವನ ಬಾಯಿಂದ ಅವಳು ಅಭಿಪ್ರಾಯ ಎಂಬ ಮಾತನ್ನು ಕೇಳಿರಲಿಲ್ಲ. ಅವನು ಕೈ ಬೀಸುತ್ತಿದ್ದ, ಮೇಜು ಕುಟ್ಟುತ್ತಿದ್ದ, ಕಣ್ಣು ಹೊಳೆಯುತ್ತಿತ್ತು. ಅವನ ದನಿ ಇಷ್ಟು ಚೆನ್ನಾಗಿದೆಯೆಂದು ಅವಳಿಗೆ ಮರೆತೇಹೋಗಿತ್ತು. ಅವಳು ಚಹಾ ಬಗ್ಗಿಸಿ, ಕುರ್ಚಿ ಹತ್ತಿರಕ್ಕೆಳೆದು ಕೂತಳು. ನಾಲಿಗೆಯ ತುದಿಯಲ್ಲಿ ಹನ್ನೆರಡು ಉತ್ತರಗಳಿದ್ದವು.

"ನಾನು ಹೇಳಿದ್ರಲ್ಲಿ ಏನಾದ್ರೂ ತಪ್ಪಿದ್ರೆ ಹೇಳು," ಎಂದ ಡ್ಯಾರಿಲ್.

ನೋಲೀನ್ ಬಾಯಿ ತೆರೆದಳು. ಸಹಿ ನೆನಪಾಯಿತು. ಮುಚ್ಚಿದಳು.

"ನೋಡು, ನೀನೇ ಒಪ್ಕೊಂಡೆ!" ಎಂದು ಅವನು ಚಹಾ ಹೀರಿ, ನಾಲ್ಕನೆಯ ತಪ್ಪಿಗೆ ಕೈಹಾಕಿದ.