ಸುಳ್ಳು ಹೇಳದ ಸ್ಲೈಡು

ಅಂಗಡಿಯಲ್ಲಿ ಎರಡು ಜಾತಿಯ ಫಿಲ್ಮ್ ಸಿಗುತ್ತಿತ್ತು: ಪರದೆಯ ಮೇಲೆ ಬಿಡುವ ಸ್ಲೈಡು, ಕಾಗದಕ್ಕೆ ಪ್ರಿಂಟ್ ಹಾಕಿಸುವ ನೆಗೆಟಿವ್. ಡೆಮಾನ್‌ಸ್ಟ್ರೇಟರನ ಕಷ್ಟಕ್ಕೆ ಅಷ್ಟೇ ಸಾಕಾಯಿತು.

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಆರು ವರ್ಷದಿಂದ ತಾತ್ಕಾಲಿಕನಾಗಿದ್ದ ಅವನನ್ನು ಕಾಯಂ ಮಾಡುವ ಕಾಗದ ಪ್ರಿನ್ಸಿಪಾಲರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಅವರ ಸನ್ಮಾನ ಸಮಾರಂಭಕ್ಕೆ ಫೋಟೋ ತೆಗೆಯುವ ಹೊಣೆಯೂ ಅವನದೇ.

"ಸ್ಲೈಡೇ ಹಾಕಯ್ಯ," ಎಂದರು ಪ್ರಿನ್ಸಿಪಾಲರು. "ಪರದೆ ಮೇಲೆ ಆಳೆತ್ತರ ಕಾಣ್ಬೇಕು. ನೆಗೆಟಿವ್ ಆದ್ರೆ ಪ್ರಿಂಟ್ ಹಾಕೋನು ಬಣ್ಣ ತಿದ್ದಿಬಿಡ್ತಾನೆ. ಸ್ಲೈಡ್ ಸುಳ್ಳು ಹೇಳಲ್ಲ."

"ಆಲ್ಬಮ್ಮಿಗೇನು ಪರದೆ ಅಂಟಿಸ್ಲಾ?" ಎಂದರು ಅವರ ಹೆಂಡತಿ. "ನೆಗೆಟಿವ್ ಹಾಕಪ್ಪ. ನಮ್ಮ ಅಕ್ಕಂದಿರಿಗೂ ಒಂದೊಂದು ಪ್ರಿಂಟ್ ಬೇಕು."

ಎರಡನ್ನೂ ಕೊಂಡ. ಕ್ಯಾಮೆರಾ ಮಾತ್ರ ಒಂದೇ. ಅದಕ್ಕೂ ಅವನಲ್ಲಿ ಉಪಾಯವಿತ್ತು: ಅರ್ಧ ರೋಲನ್ನು ಹಿಂದಕ್ಕೆ ಸುತ್ತಿ ತೆಗೆಯುವಾಗ ಎಷ್ಟು ಫೋಟೋ ಆಯಿತೆಂದು ಚೀಟಿಯಲ್ಲಿ ಬರೆದುಕೊಳ್ಳುವುದು, ಮತ್ತೆ ಹಾಕಿದಾಗ ಲೆನ್ಸ್ ಮುಚ್ಚಿ ಅಷ್ಟೇ ಸಲ ಕ್ಲಿಕ್ಕಿಸಿ ಮುಂದಕ್ಕೆ ಹೋಗುವುದು.

ಮೊದಲು ಸ್ಲೈಡು. ವೇದಿಕೆಯ ದೊಡ್ಡ ಕುರ್ಚಿಯಲ್ಲಿ ಬೀಗುತ್ತ ಕೂತಿದ್ದ ಪ್ರಿನ್ಸಿಪಾಲರ ಮೂಗಿನ ಮುಂದೆ ಬೆಳಕಿನ ಮೀಟರು ಹಿಡಿದು, ಜ್ವರ ನೋಡುವ ಡಾಕ್ಟರಂತೆ ಮುಖ ಮಾಡಿ, ಒಂಬತ್ತು ಫೋಟೋ ತೆಗೆದ.

"ನನ್ನ ಸರದಿ ಯಾವಾಗಪ್ಪ?" ಎಂದರು ಹೆಂಡತಿ. ರೋಲ್ ಬದಲಾಯಿತು. ಐದು ತೆಗೆಯುವಷ್ಟರಲ್ಲಿ ವೇದಿಕೆಯಿಂದ ಪ್ರಿನ್ಸಿಪಾಲರು ಗುಡುಗಿದರು: "ಸ್ಲೈಡ್ ಹಾಕಯ್ಯ!" ಬೆವರು ಒರೆಸಿಕೊಂಡು ಮತ್ತೆ ಬದಲಿಸಿದ, ಚೀಟಿ ನೋಡಿ ಕ್ಲಿಕ್ಕಿಸಿದ.

ಅಷ್ಟರಲ್ಲಿ ಪ್ರಿನ್ಸಿಪಾಲರು ಮೈಕಿನತ್ತ ಎದ್ದು ಹೋಗಿ ಕುರ್ಚಿ ಖಾಲಿಯಾಗಿತ್ತು. "ನಾನೂ ಒಂದ್ಸಲ ಇಲ್ಲಿ ಕೂತ್ಕೊಂಡ್ಬಿಡ್ತೀನಿ, ತೆಗೀರಿ," ಎಂದು ಲೈಬ್ರರಿಯ ಮೇಡಂ ಕೂತು ಬಾಯ್ತುಂಬ ನಕ್ಕರು.

ಮುಂದಿನ ವಾರ ಪ್ರಿನ್ಸಿಪಾಲರು ಎಲ್ಲರನ್ನೂ ಕೂರಿಸಿ ಸ್ಲೈಡ್ ತೋರಿಸಿದರು. ಐದು ಚೆನ್ನಾಗಿ ಬಂದಿದ್ದವು. ಆರನೆಯದರಲ್ಲಿ ಪ್ರಿನ್ಸಿಪಾಲರ ತೊಡೆಯ ಮೇಲೆ ಲೈಬ್ರರಿಯ ಮೇಡಂ ಆಳೆತ್ತರದಲ್ಲಿ ನಗುತ್ತಿದ್ದರು.



ಡೆಮಾನ್‌ಸ್ಟ್ರೇಟರ್ ಎದ್ದು ನಿಂತ. "ಅಮ್ಮಾ, ತಪ್ಪು ನಂದು! ಒಂಬತ್ತು ಸಲ ಒತ್ತೋ ಕಡೆ ನೆಗೆಟಿವ್‌ನ ಲೆಕ್ಕ ನೋಡಿ ಐದೇ ಸಲ ಒತ್ತಿದೀನಿ. ಒಂದರ ಮೇಲೊಂದು ಬಿದ್ದಿದೆ, ಅಷ್ಟೆ!"

"ಸ್ಲೈಡ್ ಸುಳ್ಳು ಹೇಳಲ್ಲ ಅಂತ ಇವರೇ ಹೇಳಿದ್ರಲ್ಲ," ಎಂದು ಪ್ರಿನ್ಸಿಪಾಲರ ಹೆಂಡತಿ ಕೈಚೀಲ ಎತ್ತಿಕೊಂಡರು. "ಅದಕ್ಕೇ ಸುಳ್ಳು ಹೇಳೋಕೆ ನಿನ್ನನ್ನ ಇಟ್ಕೊಂಡಿದ್ದಾರೆ."

ಮರುದಿನ ಕಾಯಂ ಕಾಗದ ವಾಪಸು ಬಂತು. ಕೆಂಪು ಶಾಯಿಯಲ್ಲಿ ಒಂದೇ ಸಾಲು: "ಒಂಬತ್ತರವರೆಗೆ ಎಣಿಸಲು ಬಾರದೆಂದು ಅಭ್ಯರ್ಥಿಯೇ ಸಭೆಯಲ್ಲಿ ಒಪ್ಪಿಕೊಂಡಿರುತ್ತಾರೆ."